ಮೂರು ದಾರಿ ಕೂಡುವಲ್ಲಿ ವಾಫಲ್

ಪಿತೃಪಕ್ಷದ ಶನಿವಾರ ಬೆಳಿಗ್ಗೆ ಮದ್ದೂರಿನ ಒಂದು ಓಣಿಯಲ್ಲಿ ಸಿಕ್ಕಿದ ಮಾಟದ ಗಂಟಿನ ಬಗ್ಗೆ ಈಗಲೂ ನಾಲ್ಕು ಬಗೆಯ ಕಥೆಗಳಿವೆ. ಮೂರು ತಪ್ಪು. ನಾಲ್ಕನೆಯದು ಚಲುವರಾಜು ಹೇಳುವುದು. ಅದೂ ಪೂರ್ತಿ ಸರಿಯಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೇ ಹೇಳಿಬಿಡುವುದು ವಾಸಿ.

ಚಲುವರಾಜು ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುವವನು. ಹೆಂಡತಿ ರಂಜಿತ ಹಿರಿಯರ ಹಬ್ಬಕ್ಕೆಂದು ಮಳವಳ್ಳಿಯ ತವರಿಗೆ ಹೋಗಿದ್ದಳು. ಗುರುವಾರ ಸಂಜೆ ಅಲ್ಲಿಂದ ಫೋನು ಬಂತು. ಮಾತಾಡಿದವನು ಷಡ್ಡಕ ಶಿವರಾಜು. ರಂಜಿತಳ ಅಕ್ಕ ದೀಪಿಕಳ ಗಂಡ. ಮಳವಳ್ಳಿ ಹತ್ತಿರದ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸಿನಲ್ಲಿ ವಾಸ. ಜಿಲ್ಲೆಯ ದೀಪಗಳೆಲ್ಲ ತನ್ನ ಅಪ್ಪಣೆಯಿಂದ ಉರಿಯುತ್ತಿವೆ ಎಂಬಂತೆ ಮಾತಾಡುವುದು ಅವನ ವಾಡಿಕೆ.

"ಏನಪ್ಪ ಚಲುವ, ಒಬ್ನೇ ಏನ್ ತಿಂತಿದ್ದೀಯ? ಉಪ್ಪಿಟ್ಟಾ?"

"ಹೂಂ ಕಣಣ್ಣ."

"ನಮ್ಮನೇಲಿ ಭಾನುವಾರ ಬಂತು ಅಂದ್ರೆ ವಾಫಲ್. ಅದಿಲ್ದೆ ನನಗೆ ತಿಂಡಿ ತಿಂದಂಗೇ ಆಗಲ್ಲ. ವಾಫಲ್ ಅಂದ್ರೆ ಗೊತ್ತಾ?"

ಗೊತ್ತಿಲ್ಲ ಎಂದಿದ್ದರೆ ಓಣಿ ನೆಮ್ಮದಿಯಾಗಿರುತ್ತಿತ್ತು. ಆದರೆ ಚಲುವರಾಜು ಹಿಂದಿನ ದಿನ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದ. ಯಾವುದೋ ದೇಶ, ಕೆಂಪು ಎಲೆ ಉದುರಿಸುವ ಮರಗಳು, ಉಣ್ಣೆ ಅಂಗಿ ತೊಟ್ಟ ಒಬ್ಬ ಹೆಂಗಸು. ಶರತ್ಕಾಲ ಬಂತೆಂದು ಅವಳು ಕುಂಬಳಕಾಯಿ ಹಾಕಿ ವಾಫಲ್ ಮಾಡುತ್ತಿದ್ದಳು. ಮದ್ದೂರಿನಲ್ಲಿ ಶರತ್ಕಾಲಕ್ಕೆ ಎಲೆ ಉದುರುವುದಿಲ್ಲ. ಎಡೆಗೆಂದು ಹಿತ್ತಿಲಲ್ಲಿ ಕುಂಬಳಕಾಯಿ ಬಲಿಯುತ್ತದೆ, ಅಷ್ಟೇ. ಆ ಒಂದು ಹೋಲಿಕೆಯ ಧೈರ್ಯದ ಮೇಲೆ ಚಲುವರಾಜು ಹೇಳಿದ:

"ವಾಫಲ್ ಏನ್ ಮಾ ದೊಡ್ದು ಬುಡಣ್ಣ. ಬರೀ ವಾಫಲ್ ಎಲ್ರೂ ಮಾಡ್ತರೆ. ಈ ಕಾಲ್ದಲ್ಲಿ ಕುಂಬ್ಳಕಾಯಿ ವಾಫಲ್ ತಿನ್ಬೇಕು. ನಾನೇ ಮಾಡ್ತೀನಿ, ಭಾನುವಾರ ಬೆಳಗ್ಗೆ ಎಲ್ರೂ ಬನ್ನಿ."

ಫೋನು ಸ್ಪೀಕರಿನಲ್ಲಿತ್ತು. ಹಿಂದಿನಿಂದ ರಂಜಿತಳ ದನಿ ಕೇಳಿತು: "ಯಾರು, ಇವ್ರಾ? ಮೊನ್ನೆ ಟೀ ಸೋಸಾಕೋಗಿ ಸಿಂಕಿಗೆ ಸುರಿದವ್ರು!" ಆಮೇಲೆ ಮಳವಳ್ಳಿಯಲ್ಲಿ ನಗು. ಆ ನಗು ನಿಲ್ಲುವ ಮೊದಲೇ ಚಲುವರಾಜು ಫೋನಿಟ್ಟ. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಶುಕ್ರವಾರ ಕೆಲಸ ಮುಗಿಸಿ ಮಂಡ್ಯಕ್ಕೆ ಹೋಗಿ ವಾಫಲ್ ಮಾಡುವ ಕರೆಂಟಿನ ಕಾವಲಿ ತಂದ. ಎರಡು ಕಬ್ಬಿಣದ ತಟ್ಟೆ ಪುಸ್ತಕದ ಹಾಗೆ ಮುಚ್ಚಿಕೊಳ್ಳುತ್ತವೆ. ಎರಡರಲ್ಲೂ ಚೌಕ ಚೌಕವಾಗಿ ಉಬ್ಬುಗಳು. ಇನ್ನು ಬೇಕಾದ್ದು ಕುಂಬಳಕಾಯಿ. ಓಣಿಯಲ್ಲಿ ಕುಂಬಳದ ಬಳ್ಳಿ ಇದ್ದದ್ದು ಎದುರುಮನೆಯ ಬೆಟ್ಟಮ್ಮನ ಕೊಟ್ಟಿಗೆಯ ಮೇಲೆ ಮಾತ್ರ.

ಬೆಟ್ಟಮ್ಮ ಗಂಡ ಸತ್ತ ಮೇಲೆ ಎರಡು ಸೀಮೆಹಸು ಕಟ್ಟಿಕೊಂಡು, ಓಣಿಗೆಲ್ಲ ಹಾಲು ಹಾಕಿ ಬದುಕುತ್ತಿದ್ದವಳು. ಆ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವುದಿಲ್ಲ. ಗಂಡಸು ಹೋಳು ಮಾಡಿಕೊಟ್ಟ ಮೇಲೆ ಉಳಿದದ್ದನ್ನು ಅವರು ಹೆಚ್ಚುತ್ತಾರೆ. ಬೆಟ್ಟಮ್ಮನ ಮನೆಯಲ್ಲಿ ಗಂಡಸಿಲ್ಲದ್ದರಿಂದ ಆ ಏಟು ಹಾಕಲು ಚಲುವರಾಜುವನ್ನೇ ಕರೆಯುತ್ತಿದ್ದಳು. ಅಡುಗೆಯಲ್ಲಿ ಅವನಿಗಿದ್ದ ಅನುಭವ ಅದೊಂದೇ.

"ಎಡೆಗೆ ತಾನೆ ಕಣ್ಲಾ?" ಎಂದು ಕೇಳಿದಳು ಬೆಟ್ಟಮ್ಮ, ಬಳ್ಳಿಯಲ್ಲಿ ಚೆನ್ನಾಗಿ ಬಲಿತ ಕಾಯನ್ನು ಕೊಯ್ಯುತ್ತ. "ಈ ಸಲ ಮೊದಲ್ನೇ ಕಾಯಿ. ಮಿಕ್ಕೋರ್ಗೆಲ್ಲ ಅಮಾಸೆ ಇನ್ನೇನು ಅನ್ನುವಾಗ ಕೊಡಾದು."

"ಹೂಂ ಕಣವ್ವ, ಎಡೆಗೆ," ಎಂದ ಚಲುವರಾಜು.

ಹಿರಿಯರಿಗೆ ಅಂತ ಹೇಳಿ ಷಡ್ಡಕನಿಗೆ ತಂದ ಕುಂಬಳಕಾಯಿ ಅದು.

ಶನಿವಾರ ಇನ್ನೂ ಮಬ್ಬುಗತ್ತಲಿರುವಾಗಲೇ ಅವನು ಅಭ್ಯಾಸಕ್ಕೆ ಕೂತ. ಕಾಯನ್ನು ಎರಡು ಹೋಳು ಮಾಡಿ ಒಂದನ್ನು ಫ್ರಿಜ್ಜಿಗೆ ಇಟ್ಟ. ಇನ್ನೊಂದರ ತಿರುಳನ್ನು ಚಮಚದಲ್ಲಿ ಕೆರೆದು ಬೇಯಿಸಿದ. ಬೆಂದ ತಿರುಳನ್ನು ಬಟ್ಟೆಯಲ್ಲಿ ಹಿಂಡಿ ನೀರು ತೆಗೆಯಬೇಕೆಂದು ವಿಡಿಯೊದ ಹೆಂಗಸು ಹೇಳಿದ್ದಳು. ಬೀರುವಿನಲ್ಲಿ ಕೈಗೆ ಮೊದಲು ಸಿಕ್ಕಿದ್ದು ಕೆಂಪು ರವಿಕೆ ಕಣ. ಹಿಂಡಿದ. ಮೈದಾ, ಹಾಲು, ಮೊಟ್ಟೆ, ಚಕ್ಕೆ, ಲವಂಗ, ಜಾಯಿಕಾಯಿ. ಕುಟ್ಟಲಾಗದ ಚಕ್ಕೆ ಲವಂಗ ಪಕ್ಕಕ್ಕೆ. ಹಿಟ್ಟು ಹುಯ್ದು ಕಾವಲಿ ಮುಚ್ಚಿದ.

ತುಪ್ಪ ಸವರುವುದನ್ನು ಮಾತ್ರ ಮರೆತಿದ್ದ. ಮೊದಲನೆಯ ವಾಫಲ್ ಕಾವಲಿ ಬಿಟ್ಟು ಬರಲಿಲ್ಲ. ಎರಡನೆಯದು ಅರ್ಧ ಬಂತು. ಆಮೇಲಿನವು ಹೊಗೆ ಬಿಟ್ಟುಕೊಂಡೇ ಬಂದವು: ಗುಂಡಗೆ, ಇದ್ದಿಲಿನಷ್ಟು ಕಪ್ಪಗೆ, ಮೈಮೇಲೆ ಚೌಕ ಚೌಕದ ಮನೆಗಳೊಂದಿಗೆ. ಹಿಟ್ಟು ಮುಗಿದಾಗ ಅವನಿಗೆ ವಿದ್ಯೆ ಬಂದಿತ್ತು, ತಿನ್ನುವಂಥದ್ದು ಏನೂ ಉಳಿದಿರಲಿಲ್ಲ.

ಸುಟ್ಟ ಬಿಲ್ಲೆ, ಮೊಟ್ಟೆಯ ಚಿಪ್ಪು, ತಿರುಳು ಬಗೆದ ಅರ್ಧ ಕುಂಬಳಕಾಯಿ, ಚಕ್ಕೆ ಲವಂಗ, ಎಲ್ಲವನ್ನೂ ಆ ಕೆಂಪು ಕಣದಲ್ಲೇ ಗಂಟು ಕಟ್ಟಿದ. ಕಸದ ಗಾಡಿ ನಿಲ್ಲುವುದು ಓಣಿಯ ತುದಿಯಲ್ಲಿ, ಮೂರು ದಾರಿ ಕೂಡುವಲ್ಲಿ. ಗಂಟನ್ನು ಅಲ್ಲಿಟ್ಟು ಬಂದು ಸ್ನಾನಕ್ಕಿಳಿದ.

ಮೂರು ದಾರಿ ಕೂಡುವಲ್ಲಿ ಕೆಂಪು ಗಂಟು ಇಡುವವರು ಸಾಮಾನ್ಯವಾಗಿ ಕಸದ ಗಾಡಿಗೆಂದು ಇಡುವುದಿಲ್ಲ. ಇದು ಅವನಿಗೆ ಹೊಳೆದದ್ದು ಮೈಗೆ ಸೋಪು ಹಚ್ಚಿಕೊಂಡಿದ್ದಾಗ, ಹೊರಗೆ ಕೂಗು ಕೇಳಿದ ಮೇಲೆ.

"ಮಾಟ! ಮಾಟ ಮಾಡ್ಬುಟ್ಟವ್ರೆ ಬನ್ರಲಾ!"

ಕೂಗಿದವರು ಕರಿಯಪ್ಪ, ಓಣಿಗೆ ಹಿರಿಯರು. ಗಂಟನ್ನು ಬೀದಿನಾಯಿ ಕಚ್ಚಿ ಎಳೆದುಕೊಂಡು ಬಂದು ಅವರ ಗೇಟಿನ ಮುಂದೆಯೇ ಬಿಚ್ಚಿತ್ತು. ಚಲುವರಾಜು ಟವೆಲು ಸುತ್ತಿಕೊಂಡು ಬರುವಷ್ಟರಲ್ಲಿ ಓಣಿಯೆಲ್ಲ ಸೇರಿತ್ತು. ಯಾರೂ ಹತ್ತಿರ ಹೋಗಿರಲಿಲ್ಲ. ದೂರದಿಂದಲೇ ಪಟ್ಟಿ ಮಾಡುತ್ತಿದ್ದರು.

"ಕೆಂಪು ಬಟ್ಟೆ."

"ಮೊಟ್ಟೆ ಒಡೆದವ್ರೆ."

"ಕುಂಬ್ಳಕಾಯಿ ಕರುಳ್ನೇ ಬಗೆದವ್ರೆ ನೋಡು!"

"ಅದೇನ್ಲಾ ಅದು ಕರ್ರಗೆ ಗುಂಡಗೆ? ಮನೆ ಮನೆ ಬರ್ದೈತೆ?"

"ಮಂಡ್ಲ ಕಣಯ್ಯ. ಬಿಲ್ಲೆ ಮೇಲೆ ಮಂಡ್ಲ ಕೊರ್ದು ಸುಟ್ಟವ್ರೆ. ಇದು ನಮ್ ಕಡೆ ಮಾಟ ಅಲ್ಲ. ದೂರದ್ದು."

ಅಷ್ಟರಲ್ಲಿ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಚಾಲಕ ಮರಿಸಿದ್ದಯ್ಯ ಇಳಿದು ಕೇಳಿದ: "ಹಸಿ ಕಸವಾ, ಒಣ ಕಸವಾ?"

"ಮಾಟ ಕಣಯ್ಯ."

ಮರಿಸಿದ್ದಯ್ಯ ಗಾಡಿಯ ಹಿಂದಿನ ಎರಡು ಡಬ್ಬಗಳನ್ನೂ ಒಮ್ಮೆ ನೋಡಿದ. "ಅದ್ಕೆ ನಮ್ಮಲ್ಲಿ ಡಬ್ಬ ಇಲ್ಲ," ಎಂದು ಹೇಳಿ ಹೊರಟ. ಆ ಓಣಿ ದಾಟುವವರೆಗೂ ಹಾಡನ್ನು ನಿಲ್ಲಿಸಿದ್ದ.

ಹೇಳುವುದಿದ್ದರೆ ಚಲುವರಾಜು ಆಗಲೇ ಹೇಳಬೇಕಿತ್ತು. ಬಾಯಿ ತೆರೆದೂ ಇದ್ದ. ಆದರೆ ಕರಿಯಪ್ಪ ಆ ಹೊತ್ತಿಗೇ ದೊಣ್ಣೆ ಹಿಡಿದು, "ಯಾವನಾದ್ರೂ ಗಂಡ್ಸು ಮಾಡಿದ್ರೆ ಕೈಕಾಲ್ ಮುರ್ದಾಕ್ತೀನಿ" ಎಂದರು. ಜೊತೆಗೆ ಅವರ ಸೊಸೆಯ ತವರೂ ಮಳವಳ್ಳಿ. ಸುಟ್ಟ ವಾಫಲಿನ ಸುದ್ದಿ ಇಲ್ಲಿ ಬಾಯಿಂದ ಬಿದ್ದರೆ, ಕೈಯ ಒದ್ದೆ ಆರುವುದರೊಳಗೆ ಶಿವರಾಜುವಿನ ಕಿವಿ ಮುಟ್ಟುತ್ತಿತ್ತು. ಚಲುವರಾಜು ಬಾಯಿ ಮುಚ್ಚಿಕೊಂಡ.

"ಗಂಡ್ಸಲ್ಲ," ಎಂದರು ಕರಿಯಪ್ಪ, ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕೂರುತ್ತ. "ಅಯ್ಯಪ್ಪಾ, ನೋಡ್ತಿದ್ದಂಗೇ ಸೊಂಟ ಇಡ್ಕತು." ಸೊಂಟನೋವು ಶುಕ್ರವಾರವೇ ಇತ್ತೆಂದು ಸೊಸೆ ಸಣ್ಣ ದನಿಯಲ್ಲಿ ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಈ ಓಣೀಲಿ ಕುಂಬ್ಳ ಬಳ್ಳಿ ಯಾರ್ ಮನೇಲೈತೆ? ಮೊನ್ನೆ ಚರಂಡಿ ವಿಚಾರಕ್ಕೆ ನನ್ ಮನೆ ಕಡೆ ಮಣ್ಣು ತೂರಿದ್ದು ಯಾರು?"

ಎಲ್ಲರೂ ತಿರುಗಿ ನೋಡಿದರು. ಬೆಟ್ಟಮ್ಮ ಹಾಲಿನ ಕ್ಯಾನು ಹಿಡಿದು ತನ್ನ ಬಾಗಿಲಲ್ಲಿ ನಿಂತಿದ್ದಳು.

"ಮಣ್ ತೂರ್ದೆ. ನಿನ್ ಮನೆ ಬಚ್ಚಲ ನೀರು ನನ್ ಕೊಟ್ಟಿಗೆಗೆ ಬಂದ್ರೆ ಮಣ್ಣಲ್ದೆ ಊವ ತೂರ್ಲಾ?" ಎಂದಳು. "ಮಾಟಗೀಟ ನಂಗೊತ್ತಿಲ್ಲ. ಆ ಕಾಯಿ ನೋಡು, ಒಂದೇ ಏಟ್ಗೆ ಓಳಾಗೈತೆ. ಇಡೀ ಕುಂಬ್ಳಕಾಯ್ಗೆ ನಾನು ಯಾವತ್ತು ಕತ್ತಿ ಆಕಿದ್ದೀನಿ? ಓಣಿಗೇ ಗೊತ್ತು. ಅದು ಗಂಡಸಿನ್ ಏಟು."

ಜನ ತಲೆದೂಗಿದರು. ಮಾತು ಸರಿಯಾಗಿತ್ತು. ಚಲುವರಾಜುವಿನ ಟವೆಲು ಸಡಿಲವಾದಂತಾಯಿತು.

"ಈ ಸಲ ಬಳ್ಳಿಯಿಂದ ಕಿತ್ತಿದ್ದೂ ಒಂದೇ ಕಾಯಿ," ಎಂದಳು ಬೆಟ್ಟಮ್ಮ. ಆಮೇಲೆ ನಿಧಾನವಾಗಿ ಅವನ ಕಡೆ ತಿರುಗಿದಳು. "ಚಲ್ವ, ನಾ ಕೊಟ್ಟ ಕುಂಬ್ಳಕಾಯಿ ನಿನ್ ಮನೇಲೈತಾ?"

"ಐತೆ," ಎಂದ ಚಲುವರಾಜು.

ಇದನ್ನು ಪೂರ್ತಿ ಸುಳ್ಳೆನ್ನಲಾಗದು. ಅರ್ಧ ಫ್ರಿಜ್ಜಿನಲ್ಲಿತ್ತು.

ಬೆಟ್ಟಮ್ಮ ಇನ್ನೇನೋ ಕೇಳುವವಳಿದ್ದಳು. ಕರಿಯಪ್ಪ ಬಿಡಲಿಲ್ಲ. "ಕೇಳ್ಕಂಡ್ರಾ? ಅವನ್ ಕಾಯಿ ಅವನ್ ಮನೇಲೈತೆ. ಮಾಟ ಮಾಡೋಳ್ಗೆ ಮೊದ್ಲೇಟಿನ ಸಾಸ್ತ್ರ ಎಲ್ ಬಂತು?"

ತೀರ್ಮಾನ ಅಲ್ಲೇ ಆಯಿತು. ಮಳವಳ್ಳಿ ಕಡೆಯ ಶಾಸ್ತ್ರ ಹೇಳುವ ದೊಡ್ಡಸಿದ್ದಯ್ಯನನ್ನು ಭಾನುವಾರ ಬೆಳಿಗ್ಗೆ ಕರೆಸುವುದು. ಅವನು ಗಂಟು ನೋಡಿ ಬೆಟ್ಟಮ್ಮನದೇ ಎಂದರೆ, ಅವಳು ಮಾರಮ್ಮನ ಗುಡಿ ಮುಂದೆ ಒದ್ದೆ ಬಟ್ಟೆಯಲ್ಲಿ ನಿಂತು ತಾನು ಮಾಡಿಲ್ಲವೆಂದು ಕರ್ಪೂರ ಆರಿಸಿ ಆಣೆ ಮಾಡುವುದು. ಮಾಡದಿದ್ದರೆ ಓಣಿ ಬಿಡುವುದು. ಗಂಟಿನ ಮೇಲೆ ಒಂದು ಬಿದಿರ ಮಂಕರಿ ಕವುಚಿ, ಮಂಕರಿಯ ಮೇಲೆ ಕಲ್ಲು ಹೇರಿದರು.

ಆ ಸಂಜೆ ಬೆಟ್ಟಮ್ಮ ಎಂದಿನಂತೆ ಹಾಲು ಹಾಕಲು ಬಂದಳು. ಯಾವ ಬಾಗಿಲಲ್ಲೂ ಪಾತ್ರೆ ಇರಲಿಲ್ಲ. ಒಂದು ಮನೆಯವರು ಹಾಲಿದೆ ಎಂದರು. ಇನ್ನೊಂದು ಮನೆಯವರು ಟಿವಿಯ ದನಿ ಜೋರು ಮಾಡಿದರು. ಕರಿಯಪ್ಪನವರ ಸೊಸೆ ಕಿಟಕಿಯಿಂದ ನೋಡಿ ಪರದೆ ಎಳೆದಳು. ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ತುಂಬಿದ ಕ್ಯಾನಿನೊಂದಿಗೆ ಬೆಟ್ಟಮ್ಮ ಕೊನೆಗೆ ಚಲುವರಾಜುವಿನ ಬಾಗಿಲಿಗೆ ಬಂದಳು.

ಅವನು ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆ ಹಿಡಿದುಕೊಂಡು ಬಂದ.

"ಇಷ್ಟು ಆಲು ಏನ್ ಮಾಡೀಯ್ಲಾ, ಒಬ್ನೇ?"

"ನಾಳೆ ನೆಂಟ್ರು ಬತ್ತಾರೆ ಕಣವ್ವ."

ಬೆಟ್ಟಮ್ಮ ಹುಯ್ದಳು. ಕ್ಯಾನು ಅರ್ಧಕ್ಕಿಂತ ಕೆಳಗಿಳಿಯಲಿಲ್ಲ. "ನಾಳೆನೂ ಇಂಗೇ ಆದ್ರೆ ಅಸುಗಳ್ನ ಮಾರ್ಬೇಕು," ಎಂದಳು. "ಆಲ್ ಕೊಳ್ಳೋರಿಲ್ದಿದ್ಮ್ಯಾಲೆ ಅವ್ಕೆ ಯಾವುದ್ರಲ್ಲಿ ಬೂಸ ತರ್ಲಿ?" ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವನು ಪಾತ್ರೆಯೊಳಗೆ ನೋಡುತ್ತಿದ್ದ. ಅಡುಗೆಮನೆಯಲ್ಲಿ ಫ್ರಿಜ್ಜು ಗುರ್ ಎಂದಿತು. ಅವಳು ಹೋದಳು.

ಭಾನುವಾರ ಬೆಳಿಗ್ಗೆ ಚಲುವರಾಜು ಉಳಿದ ಅರ್ಧ ಕುಂಬಳಕಾಯಿಯಲ್ಲಿ ಹಿಟ್ಟು ಕಲೆಸಿ ಪಾತ್ರೆ ತುಂಬ ಸಿದ್ಧ ಮಾಡಿದ. ಅವನ ಲೆಕ್ಕ ಹೀಗಿತ್ತು: ದೊಡ್ಡಸಿದ್ದಯ್ಯ ತಡವಾಗಿ ಬರುತ್ತಾನೆ, ನೆಂಟರು ಬೇಗ ತಿಂದು ಹೋಗುತ್ತಾರೆ, ಆಮೇಲೆ ಕರಿಯಪ್ಪನವರಿಗೆ ಗುಟ್ಟಾಗಿ ಹೇಳಿದರಾಯಿತು. ದೊಡ್ಡಸಿದ್ದಯ್ಯ ಬಂದ ಆಟೊದ ಹಿಂದೆಯೇ ರಂಜಿತ, ದೀಪಿಕರನ್ನು ಕೂರಿಸಿಕೊಂಡ ಶಿವರಾಜುವಿನ ಕಾರೂ ಬಂದು ನಿಂತಿತು. ಓಣಿಯಲ್ಲಿ ಜನ ತುಂಬಿದ್ದರಿಂದ ಕಾರು ಮುಂದೆ ಹೋಗಲಾಗಲಿಲ್ಲ. ಮಾರಮ್ಮನ ಗುಡಿಯ ದಾರಿಗೆ ಒಂದು ಬಕೆಟ್ ನೀರು ಆಗಲೇ ತಂದಿಟ್ಟಿದ್ದರು. ಬೆಟ್ಟಮ್ಮ ಸೆರಗು ಬಿಗಿದು ಅದರ ಪಕ್ಕದಲ್ಲಿ ನಿಂತಿದ್ದಳು. ಹಾಲಿನ ಕ್ಯಾನು ಕಾಲ ಬಳಿಯಲ್ಲಿತ್ತು.

ದೊಡ್ಡಸಿದ್ದಯ್ಯ ಮಂಕರಿ ಎತ್ತಿಸಿದ. ಶಿವರಾಜು ಕಾರಿನಿಂದಿಳಿದು, ಕುತೂಹಲಕ್ಕೆ ಇಣುಕಿ, ಎರಡು ಹೆಜ್ಜೆ ಹಿಂದೆ ಹಾರಿದ.

"ಅಯ್ಯೋ ಶಿವನೇ! ಏನಿದು ಮಂಡಲ? ಹುಟ್ಟಿದಾಗಿಂದ ಇಂಥದ್ದು ಕಣ್ಣಲ್ಲಿ ನೋಡಿಲ್ಲಪ್ಪ!"

ಚಲುವರಾಜು ಷಡ್ಡಕನನ್ನು ನೋಡಿದ. ಪ್ರತಿ ಭಾನುವಾರ ವಾಫಲ್ ಇಲ್ಲದೆ ತಿಂಡಿ ಇಳಿಯದವನು ಇವನೇ. ದೀಪಿಕ ನೆಲ ನೋಡುತ್ತ, "ನಡೀರಿ, ಕಾರಲ್ಲಿ ಕೂತ್ಕೊಳಣ" ಎಂದಳು.

ದೊಡ್ಡಸಿದ್ದಯ್ಯ ಒಂದು ಬಿಲ್ಲೆಯನ್ನು ಕಡ್ಡಿಯಿಂದ ತಿರುವಿ, ಚೌಕಗಳನ್ನು ಎಣಿಸಿ, ಕಣ್ಣು ಮುಚ್ಚಿದ. "ಪಡುವಣ ದಿಕ್ಕಿನ ಬಾಗ್ಲು. ಗಂಡನಿಲ್ಲದ ಎಂಗ್ಸು. ಮನೇಲಿ ನಾಕ್ ಕಾಲಿನ್ ಪ್ರಾಣಿ ಐತೆ," ಎಂದ. ಕರಿಯಪ್ಪನವರು ಇಷ್ಟನ್ನೂ ಅವನಿಗೆ ಫೋನಿನಲ್ಲೇ ಹೇಳಿದ್ದರೆಂಬುದು ಆಮೇಲೆ ಗೊತ್ತಾಯಿತು.

"ಉಯ್ರೀ ನೀರ್ನ," ಎಂದರು ಕರಿಯಪ್ಪ.

ಬೆಟ್ಟಮ್ಮ ಕಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿದಳು. ಯಾರೋ ಬಕೆಟ್ ಎತ್ತಿದರು.

"ಅದು ನಂದು!" ಎಂದ ಚಲುವರಾಜು.

ಬಕೆಟ್ ಅರ್ಧದಲ್ಲಿ ನಿಂತಿತು.

"ಆ ಗಂಟು ನಂದು ಕಣಣ್ಣ. ಅದು ಮಾಟ ಅಲ್ಲ, ತಿಂಡಿ. ವಾಫಲ್."

ಕರಿಯಪ್ಪ ಸುಟ್ಟ ಬಿಲ್ಲೆಯನ್ನೂ ಅವನನ್ನೂ ನೋಡಿದರು. "ಇದ್ನ ತಿಂತರಾ? ಮುದುಕಿ ಉಳ್ಸಾಕೆ ಸುಳ್ಳೇಳ್ತಾ ಇದ್ದೀಯ."

ಆಗ ರಂಜಿತ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ರೀ! ಅದು ನಮ್ಮ ಚಿಕ್ಕಮ್ಮನ ಮಗಳ ಮದ್ವೇಲಿ ಕೊಟ್ಟ ಕಣ! ರವಿಕೆ ಒಲಿಸ್ಬೇಕು ಅಂತ ಇಟ್ಟಿದ್ದೆ! ಅದ್ರಲ್ಲಿ ಮೊಟ್ಟೆ ಕಟ್ಟಿದ್ದೀರಾ?"

ಗಂಟು ಯಾರದೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಆದರೆ ಫಲ ಬೇರೆಯಾಯಿತು. ಕರಿಯಪ್ಪ ದೊಣ್ಣೆ ಹುಡುಕತೊಡಗಿದರು. "ಅಂಗಾದ್ರೆ ನನ್ ಮನೆಗೆ ಮಾಟ ಮಾಡಿದ್ದು ನೀನಾ?"

"ಗಂಡಸಿನ ಕೈವಾಡಾನೂ ಐತೆ ಅಂತ ನಂಗೆ ಆಗ್ಲೇ ಕಾಣ್ತಿತ್ತು," ಎಂದ ದೊಡ್ಡಸಿದ್ದಯ್ಯ.

"ತಿಂಡಿ ಕಣಣ್ಣ! ಮಾರಮ್ಮನಾಣೆಗೂ ತಿಂಡಿ!"

"ತಿಂಡಿ ಆದ್ರೆ ಮಾಡ್ ತೋರ್ಸು," ಎಂದಳು ಬೆಟ್ಟಮ್ಮ. ಅವಳು ಇನ್ನೂ ಬಕೆಟಿನ ಪಕ್ಕದಲ್ಲೇ ಇದ್ದಳು. "ಇಲ್ಲೇ. ಎಲ್ರ್ ಮುಂದೆ."

ಕಾವಲಿ ಹೊರಗೆ ಬಂತು. ಹಿಟ್ಟಿನ ಪಾತ್ರೆ ಬಂತು. ಉದ್ದನೆಯ ವೈರು ಕಿಟಕಿಯಿಂದ ಇಳಿಯಿತು. ಚಲುವರಾಜು ಈ ಸಲ ತುಪ್ಪ ಸವರಿದ. ಶನಿವಾರದ್ದು ನೆನಪಿದ್ದುದರಿಂದ ತುಪ್ಪ ಸ್ವಲ್ಪ ಹೆಚ್ಚೇ ಬಿತ್ತು. ಹಿಟ್ಟು ಹುಯ್ದು ಮುಚ್ಚಿದ. ಕಾವಲಿಯ ಕೆಂಪು ದೀಪ ಉರಿಯಿತು.

ತಕ್ಷಣ ಆರಿತು. ಓಣಿಯಲ್ಲಿ ಕರೆಂಟು ಹೋಗಿತ್ತು.

"ಮಾರಮ್ಮನೇ ಆರ್ಸುದ್ಲು!" ಎಂದರು ಯಾರೋ.

ರಂಜಿತ ತಿರುಗಿ ಭಾವನನ್ನು ನೋಡಿದಳು. ಅವಳನ್ನು ನೋಡಿ ಇಡೀ ಓಣಿ ಶಿವರಾಜುವನ್ನು ನೋಡಿತು. ಅವನು ಫೋನು ತೆಗೆದು ಬ್ಲಫ್‌ಗೆ ಮಾತಾಡಿದ. "ಹಾಂ... ಹಾಂ... ಸರಿ." ಫೋನಿಟ್ಟು, ಗಂಟಲು ಸರಿಮಾಡಿಕೊಂಡ. "ಅಲ್ಲಿ ಐತಂತೆ."

ಕಾದರು. ಮುಚ್ಚಿದ ಕಾವಲಿಯೊಳಗೆ ಹಿಟ್ಟು ಬೇಯುತ್ತಿದೆಯೋ ಅಂಟಿಕೊಳ್ಳುತ್ತಿದೆಯೋ ಯಾರಿಗೂ ತಿಳಿಯದು. ಬಕೆಟ್ ಹಿಡಿದವನಿಗೆ ತೋಳು ನೋಯತೊಡಗಿ ಕೈ ಬದಲಾಯಿಸಿದ. ಕರಿಯಪ್ಪನವರಿಗೆ ದೊಣ್ಣೆ ಸಿಕ್ಕಿತ್ತು. ಚಲುವರಾಜು ಮುಚ್ಚಳ ತೆಗೆಯಲು ಎರಡು ಸಲ ಕೈ ಚಾಚಿ ಎರಡು ಸಲವೂ ಹಿಂದಕ್ಕೆಳೆದ. ಬೇಗ ತೆಗೆದರೆ ಹರಿಯುತ್ತದೆಂಬುದು ಶನಿವಾರ ಕಲಿತ ಪಾಠ. ತಡವಾದರೆ ಕರಿಯಪ್ಪ.

ಕೆಂಪು ದೀಪ ಮತ್ತೆ ಹತ್ತಿತು. ಆವಿ ಎದ್ದಿತು, ದಟ್ಟವಾಯಿತು, ತೆಳುವಾಯಿತು, ನಿಂತಿತು. ಚಕ್ಕೆ ಲವಂಗದ ವಾಸನೆ ಓಣಿಯಲ್ಲಿ ಹರಡಿತು. ಚಲುವರಾಜು ಮುಚ್ಚಳ ಎತ್ತಿದ. ವಾಫಲ್ ತಾನಾಗಿ ತಟ್ಟೆಗೆ ಜಾರಿತು: ಗುಂಡಗೆ, ಹೊಂಬಣ್ಣವಾಗಿ, ಅದೇ ಚೌಕ ಚೌಕದ ಮನೆಗಳೊಂದಿಗೆ.

ದೊಡ್ಡಸಿದ್ದಯ್ಯ ಸುಟ್ಟದ್ದನ್ನೂ ಸುಡದ್ದನ್ನೂ ಜೋಡಿಸಿ ನೋಡಿದ. "ಮಂಡ್ಲ ಒಂದೇ," ಎಂದು ಒಪ್ಪಿಕೊಂಡ.

"ತಿನ್ನೋರ್ಯಾರು?" ಎಂದರು ಕರಿಯಪ್ಪ.

ಯಾರೂ ಕೈ ಚಾಚಲಿಲ್ಲ. ದೊಡ್ಡಸಿದ್ದಯ್ಯ ಹೊರಗಡೆ ತಿನ್ನುವ ಪದ್ಧತಿ ತನಗಿಲ್ಲ ಎಂದ. ಶಿವರಾಜು ದೀಪಿಕಳ ಹಿಂದೆ ನಿಂತು, "ಇದಕ್ಕೆ ಚಟ್ನಿ ಯಾವ್ದು?" ಎಂದು ಪಿಸುಗುಟ್ಟಿದ.

ಬೆಟ್ಟಮ್ಮ ಬಂದು ಕಟ್ಟೆಯ ಮೇಲೆ ಕೂತಳು. ವಾಫಲ್ ಮುರಿದು ಬಾಯಿಗಿಟ್ಟಳು. ಓಣಿ ಅವಳ ದವಡೆಯನ್ನೇ ನೋಡಿತು. ನಿಧಾನವಾಗಿ ಅಗಿದು, ನುಂಗಿ, ಇನ್ನೊಂದು ಚೂರು ಮುರಿದುಕೊಂಡಳು.

"ಉಪ್ ಕಮ್ಮಿ," ಎಂದಳು. "ಕುಂಬ್ಳಕಾಯಿ ಮಾತ್ರ ನಂದೇ."

ಉಸಿರು ಬಿಟ್ಟ ಸದ್ದು ಓಣಿಯುದ್ದಕ್ಕೂ ಕೇಳಿತು. ಬಕೆಟಿನ ನೀರನ್ನು ಚರಂಡಿಗೆ ಚೆಲ್ಲಿದರು. ಕರಿಯಪ್ಪ ದೊಣ್ಣೆಯನ್ನು ಊರುಗೋಲು ಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಸೊಸೆಗೆ ಹೇಳಿದರು: "ನೆನ್ನೆಯಿಂದ ಕಾಪಿ ಇಲ್ಲ. ಚೊಂಬ್ ತಕ್ಕಂಬಾವ್ವ, ಆಲ್ ಆಕುಸ್ಕೊ."

ಸೊಸೆ ಚೊಂಬು ತಂದಳು. ಬೆಟ್ಟಮ್ಮ ಕ್ಯಾನಿನ ಬಾಯಿಯ ಮೇಲೆ ಅಂಗೈ ಇಟ್ಟಳು.

"ಮೊದ್ಲು ತಿನ್ನಿ."

"ಏನ್ ತಿನ್ನಾದು?"

"ಮಾಟ," ಎಂದಳು ಬೆಟ್ಟಮ್ಮ. "ನಾ ಮಾಡಿದ್ದು ಅಂದ್ರಲ್ಲ. ತಿಂದ್ರೆ ಆಲು. ಇಲ್ದಿದ್ರೆ ಕರುಗೆ ಕುಡ್ಸ್ತೀನಿ."

ಕರಿಯಪ್ಪ ಓಣಿಯನ್ನು ನೋಡಿದರು. ಓಣಿ ಬೇರೆಡೆ ನೋಡಿತು. ಕೊನೆಗೆ ಕಣ್ಣು ಮುಚ್ಚಿಕೊಂಡು ತಿಂದರು. ಅವರು ಬೀಳಲಿಲ್ಲವೆಂದು ಖಾತ್ರಿಯಾದ ಮೇಲೆ ಪಾತ್ರೆ ಹಿಡಿದವರ ಸಾಲು ಬೆಳೆಯಿತು. ಚಲುವರಾಜು ಬೆವರು ಸುರಿಸುತ್ತ ಹುಯ್ದ, ಮುಚ್ಚಿದ, ತೆಗೆದ. ಒಂದು ವಾಫಲ್, ಒಂದು ಚೊಂಬು ಹಾಲು. ಶನಿವಾರ ಟಿವಿಯ ದನಿ ಜೋರು ಮಾಡಿದ ಮನೆಯವರು ಅತ್ತೆಗೆಂದು ಇನ್ನೊಂದು ಕೇಳಿದರು. ಹಾಲು ಬೇಕಿಲ್ಲದ ದೊಡ್ಡಸಿದ್ದಯ್ಯನೂ ಪದ್ಧತಿ ಬದಿಗಿಟ್ಟು ಎರಡು ತಿಂದ. ಹಿಟ್ಟು ಮುಗಿಯುವ ಹೊತ್ತಿಗೆ ಸಾಲೂ ಮುಗಿಯಿತು. ಕೊನೆಯದನ್ನು ದೀಪಿಕ ಮುರಿದು ಮನೆಯವರಿಗೆ ಒಂದೊಂದು ತುಂಡು ಹಂಚಿದಳು.

ಆಮೇಲೆ ಚಲುವರಾಜು ಒಳಗಿನಿಂದ ಹಿಂದಿನ ಸಂಜೆಯ ದೊಡ್ಡ ಪಾತ್ರೆಯನ್ನೇ ತಂದ. ಆ ಹಾಲೆಲ್ಲ ಹಿಟ್ಟಿಗೆ ಹೋಗಿತ್ತು.

"ನೆಂಟ್ರು ಬಂದವ್ರೆ ಕಣವ್ವ. ಒಂಚೂರು."

ಕ್ಯಾನಿನಲ್ಲಿ ಹಾಲಿತ್ತು. ಬೆಟ್ಟಮ್ಮ ಸೆರಗಿನ ಗಂಟು ಬಿಚ್ಚಿ ಓಲೆಗಳನ್ನು ಒಂದೊಂದಾಗಿ ಕಿವಿಗೆ ಹಾಕಿಕೊಂಡಳು. ಆತುರವಿರಲಿಲ್ಲ. ಆಮೇಲೆ ಕ್ಯಾನಿನ ಮುಚ್ಚಳ ಒತ್ತಿ ಮುಚ್ಚಿದಳು.

"ನಿನ್ ಮನೇಲಿ ಕುಂಬ್ಳಕಾಯಿ ಐತೆ ಅಂದ್ಯಲ್ಲ ಚಲ್ವ," ಎಂದಳು. "ಅದ್ರಲ್ಲೇ ಆಲ್ ಕರ್ಕೊ."

ಆ ಭಾನುವಾರ ಓಣಿಯಲ್ಲಿ ಹಾಲಿಲ್ಲದ ಕಾಫಿ ಕುಡಿದದ್ದು ಒಂದೇ ಮನೆ. ಶಿವರಾಜು ಮುಖ ಕಿವುಚಿಕೊಂಡು ಕುಡಿದು ಹೊರಟ. ಬ್ಲಫ್ ತಲುಪಿದ ಮೇಲೆ ಮಾತ್ರ, ಕುಂಬಳಕಾಯಿ ವಾಫಲ್ ಜೊತೆಗೆ ಕಪ್ಪು ಕಾಫಿಯನ್ನೇ ಕುಡಿಯಬೇಕು, ಹಾಲು ಹಾಕುವವರಿಗೆ ತಿನ್ನುವ ಕ್ರಮ ಗೊತ್ತಿಲ್ಲ ಎಂದು ಕ್ವಾರ್ಟರ್ಸಿನಲ್ಲೆಲ್ಲ ಹೇಳಿದನಂತೆ.